ಎಲ್ಗರ್ ಚೆಲ್ಲೊ ಕಂಚೆರ್ಟೊ: 1928, 1965, 1988 – ಯಾವುದನ್ನು ಕೇಳುವುದು?

ಇಂಗ್ಲಿಷ್ ಸಂಯೋಜಕ ಎಡ್ವರ್ಡ್ ಎಲ್ಗರ್ ಅವರ ಚೆಲ್ಲೊ ಕಂಚೆರ್ಟೊ (ಇ ಮೈನರ್, ಓಪಸ್ 85; ದೊಡ್ಡ ಪಿಟೀಲಿನಂಥ ಚೆಲ್ಲೊ ವಾದ್ಯವೂ ಮೇಳವೂ ಜತೆಗೂಡಿ ನುಡಿಸುವ ಕೃತಿ) ಹುಡುಕಿದರೆ ಮೊದಲು ಸಿಗುವುದು ಚೆಲ್ಲೊ ವಾದಕಿ ಜಾಕ್ವೆಲಿನ್ ದು ಪ್ರೇ 1965ರಲ್ಲಿ ನುಡಿಸಿದ್ದು. ಹೆಚ್ಚಿನವರ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ಆದರೆ ಎಲ್ಗರ್ ತಾವೇ ಮೇಳ ನಡೆಸಿ, ಬಿಯಾಟ್ರಿಸ್ ಹ್ಯಾರಿಸನ್ ಜತೆ 1928ರಲ್ಲಿ ಮಾಡಿದ ಧ್ವನಿಮುದ್ರಣವೂ ಇದೆ. ಒಂದರ ಬೆನ್ನಿಗೆ ಇನ್ನೊಂದನ್ನು ಕೇಳಿದರೆ ಇದು ಅದೇ ಕೃತಿಯೇ ಎಂದು ಅನುಮಾನ ಬರುತ್ತದೆ. ಇವೆರಡರ ಜತೆ ಸ್ಟೀವನ್ ಇಸರ್ಲಿಸ್ 1988ರಲ್ಲಿ ರಿಚರ್ಡ್ ಹಿಕಾಕ್ಸ್ ನಿರ್ದೇಶನದಲ್ಲಿ ನುಡಿಸಿದ್ದನ್ನು ಇಟ್ಟು ನೋಡೋಣ.

ಹೋಲಿಸುವ ಮೊದಲು ಎರಡು ಎಚ್ಚರಿಕೆ. ಕೃತಿ ಶುರುವಾಗುವುದೇ ಚೆಲ್ಲೊ ಒಂದೇ ಎತ್ತುವ ಭಾರದ ಸ್ವರಗುಚ್ಛದಿಂದ. ಅದರ ತಳದ ಇ ಸ್ವರ ಸುಮಾರು 82 ಹರ್ಟ್ಸ್. ಫೋನಿನ ಸ್ಪೀಕರಿನಲ್ಲಿ ಆ ತಳವೇ ಕೇಳುವುದಿಲ್ಲ, ಹೆಡ್‌ಫೋನ್ ಬೇಕೇ ಬೇಕು. ಎರಡನೆಯದು ಹಳೆಯ ಗ್ರಾಮಫೋನ್ ತಟ್ಟೆಗಳ ವೇಗ. 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ತಟ್ಟೆಯನ್ನು ಶೇ 6ರಷ್ಟು ಬೇಗ ತಿರುಗಿಸಿದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ, 25 ನಿಮಿಷದ ಸಂಗೀತದಲ್ಲಿ ಒಂದೂವರೆ ನಿಮಿಷ ಕಳೆದುಹೋಗುತ್ತದೆ. ಆದ್ದರಿಂದ 1928ರ ಪ್ರತಿ ಸಿಕ್ಕಾಗ ಮೊದಲು ಟ್ಯೂನರ್ ಆ್ಯಪ್ ಹಿಡಿದು ಆ ಇ ಸ್ವರ ನೋಡಿ. ಎಫ್ ಕಡೆ ಸರಿದಿದ್ದರೆ ಬೇರೆ ಪ್ರತಿ ಹುಡುಕಿ. ಗರಗರ ಸದ್ದನ್ನು ಪೂರಾ ಒರೆಸಿದ ಪ್ರತಿಯೂ ಬೇಡ: ಸದ್ದಿನ ಜತೆ ತಂತಿಯ ಮೇಲಿನ ಕಮಾನಿನ ಉಜ್ಜಾಟವೂ ಹೋಗಿ, ಚೆಲ್ಲೊ ಹತ್ತಿ ತುರುಕಿದ ಕೊಳಲಿನಂತಾಗುತ್ತದೆ.

ನಿಜವಾದ ಪರೀಕ್ಷೆ ಮೊದಲ ಭಾಗದಲ್ಲೇ. ಚೆಲ್ಲೊದ ಪೀಠಿಕೆ ಮುಗಿದ ಮೇಲೆ ವಿಯೋಲಾಗಳು (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ಒಂಟಿಯಾಗಿ, ಕೆಳಗೆ ಯಾವ ಆಸರೆಯೂ ಇಲ್ಲದೆ, 9/8 ತಾಳದಲ್ಲಿ ಮುಖ್ಯ ಧಾಟಿ ಹಿಡಿಯುತ್ತವೆ. ಇದನ್ನು ಒಂಬತ್ತು ಎಂದು ಎಣಿಸಬೇಡಿ, ಮೂರು ತಿಶ್ರಗಳೆಂದು ಎಣಿಸಿ. ಎಲ್ಗರ್ ನಡೆಸುವಾಗ ಆ ಮೂರು ತೂಗು ಸಲೀಸಾಗಿ ಸಿಗುತ್ತವೆ. ಧಾಟಿ ತೊಟ್ಟಿಲಿನಂತೆ ಆಡುತ್ತ ಮುಂದೆ ಸಾಗುತ್ತದೆ. 1965ರಲ್ಲಿ ನಿರ್ದೇಶಕ ಜಾನ್ ಬಾರ್ಬಿರೋಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನು ಇನ್ನಷ್ಟು ನಿಧಾನಕ್ಕೆ ತಂದಿದ್ದಾರೆ. ಒಟ್ಟು ಅವಧಿ ಸುಮಾರು 30 ನಿಮಿಷ, 1928ರದ್ದು ಅದಕ್ಕಿಂತ ನಾಲ್ಕೈದು ನಿಮಿಷ ಕಡಿಮೆ. ಮೊದಲ ಮೂರು ನಿಮಿಷದೊಳಗೆ ಚೆಲ್ಲೊ ಮೆಟ್ಟಿಲು ಮೆಟ್ಟಿಲಾಗಿ ಏರಿ ಮೇಲಿನ ಇ ಮುಟ್ಟುತ್ತದೆ, ತಕ್ಷಣ ಇಡೀ ಮೇಳ ಬಂದು ಅದೇ ಧಾಟಿಯನ್ನು ಕಿತ್ತುಕೊಳ್ಳುತ್ತದೆ. ಆ ಏರಿನಲ್ಲಿ ದು ಪ್ರೇಗೆ ಸಾಟಿಯಿಲ್ಲ. ಆಗ ಅವರಿಗೆ 20 ವರ್ಷ. ಕಮಾನು ತಂತಿಯನ್ನು ಕಚ್ಚಿ ಹಿಡಿದಿದೆ ಅನ್ನಿಸುತ್ತದೆ. ಆದರೆ ಆ ಶಿಖರಕ್ಕಾಗಿ ಸುತ್ತಲಿನ ನಡಿಗೆ ಭಾರವಾಗಿದೆ ಎಂಬುದೂ ನಿಜ.

ಬಾರ್ಬಿರೋಲಿಗೆ ಈ ಕೃತಿ ಹೊಸದಲ್ಲ. 1919ರ ಅಕ್ಟೋಬರ್ 27ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಫೀಲಿಕ್ಸ್ ಸಾಲ್ಮಂಡ್ ಮೊದಲ ಬಾರಿ ನುಡಿಸಿದಾಗ ಮೇಳದ ಚೆಲ್ಲೊ ಸಾಲಿನಲ್ಲಿ ಕೂತಿದ್ದವರು ಅವರು. ಅಂದಿನ ಕಾರ್ಯಕ್ರಮ ಕೆಟ್ಟಿತ್ತು: ಉಳಿದ ಕೃತಿಗಳ ತಾಲೀಮಿನಲ್ಲೇ ಹೊತ್ತು ಹೋಗಿ ಎಲ್ಗರ್‌ಗೆ ಸಿಕ್ಕ ಸಮಯ ಸಾಲಲಿಲ್ಲ.

ಎರಡನೇ ಭಾಗದ ಬಗ್ಗೆ ಹೇಳುವುದು ಕಡಿಮೆ. 1965ರಲ್ಲಿ ಚಿಕ್ಕ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ, 1928ರಲ್ಲಿ ಕೆಲವು ಗರಗರದಲ್ಲಿ ಮುಳುಗುತ್ತವೆ.

ಮೂರನೆಯದಾದ ಅಡಾಜಿಯೊ (ನಿಧಾನಗತಿಯ ಭಾಗ) ಬರೀ 60 ಬಾರ್, ಅಂದರೆ ತಾಳದ 60 ಸುತ್ತು. ಅದರಲ್ಲಿ ಒಂದು ಬಾರ್ ಬಿಟ್ಟು ಎಲ್ಲದರಲ್ಲೂ ಚೆಲ್ಲೊ ನುಡಿಯುತ್ತದೆ. ಹ್ಯಾರಿಸನ್ ಇಲ್ಲಿ ಸ್ವರದಿಂದ ಸ್ವರಕ್ಕೆ ಜಾರುತ್ತಾರೆ. ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಅದು ಜಾರು ಗಮಕದ ನೆಂಟಸ್ತಿಕೆಯದ್ದು, ಅಸಹಜ ಅನ್ನಿಸುವುದಿಲ್ಲ. ಇಂದಿನ ಪಾಶ್ಚಾತ್ಯ ಕೇಳುಗರೇ ಮುಖ ಸಿಂಡರಿಸುತ್ತಾರೆ. 1928ರ ಈ ಅಡಾಜಿಯೊವನ್ನು ತಟ್ಟೆಯ ಅಳತೆಗಾಗಿ ಓಡಿಸಿದ್ದು ಎಂಬ ಆಕ್ಷೇಪವಿದೆ. 12 ಇಂಚಿನ ತಟ್ಟೆಯ ಒಂದು ಬದಿಗೆ ನಾಲ್ಕೂವರೆ ನಿಮಿಷದಷ್ಟೇ ಜಾಗ, ದು ಪ್ರೇ ಅವರ ಐದು ನಿಮಿಷ ದಾಟುವ ಅಡಾಜಿಯೊ ಅದರಲ್ಲಿ ಹಿಡಿಸುತ್ತಿರಲಿಲ್ಲ ಎಂಬುದೂ ಸರಿಯೇ. ಆದರೆ ಅಡಾಜಿಯೊ ಒಂದರಲ್ಲಲ್ಲ, ಮೊದಲ ಭಾಗದಲ್ಲೂ ಎಲ್ಗರ್ ನಡಿಗೆ ಚುರುಕೇ. ದೂರನ್ನೆಲ್ಲ ತಟ್ಟೆಯ ಮೇಲೆ ಹೊರಿಸಲಾಗದು.

ಇಸರ್ಲಿಸ್ ದಾರಿ ಇವೆರಡರ ನಡುವಿನದು. ಕರುಳಿನ ತಂತಿಗಳನ್ನು ಬಿಡದ ವಾದಕರು ಅವರು. ನಾದ ಚಿಕ್ಕದು, ಕಂಪನ ಮಿತ, ಮೆಲುದನಿಯ ಜಾಗಗಳು ನಿಜಕ್ಕೂ ಮೆಲ್ಲಗಿವೆ. ಸ್ವರಲಿಪಿ ಮುಂದಿಟ್ಟುಕೊಂಡು ಕೇಳುವವರಿಗೆ ಇದೇ ಅನುಕೂಲ. ಎಲ್ಲಿ ಏರು, ಎಲ್ಲಿ ಇಳಿ ಎಂದು ಎಲ್ಗರ್ ಬರೆದ ಗುರುತುಗಳು ಕಣ್ಣಿಗೂ ಕಿವಿಗೂ ಹೊಂದುತ್ತವೆ. ಮೊದಲ ಏರಿನಲ್ಲಿ ಮಾತ್ರ ಸ್ವಲ್ಪ ಸಪ್ಪೆ.

ದು ಪ್ರೇ 1970ರಲ್ಲಿ ಫಿಲಡೆಲ್ಫಿಯಾದಲ್ಲಿ ಡೇನಿಯಲ್ ಬಾರೆನ್‌ಬಾಯಿಮ್ ನಿರ್ದೇಶನದಲ್ಲಿ ಸಭಿಕರೆದುರು ನುಡಿಸಿದ್ದೂ ಲಭ್ಯ. ಅದರಲ್ಲಿ ಎಳೆದಾಟ ಇನ್ನೂ ಹೆಚ್ಚು. ಮೊದಲನೆಯ ಆಯ್ಕೆಯಾಗಿ ಬೇಡ.

ನಮ್ಮ ಸಲಹೆಯ ಕ್ರಮ: ಮೊದಲು 1928, ಮರುದಿನ 1965, ಆಮೇಲೆ ಸ್ವರಲಿಪಿ ಹಿಡಿದು 1988. ತಿರುಗುಮುರುಗು ಮಾಡಿದರೆ ಎಲ್ಗರ್ ಅವಸರಪಟ್ಟಂತೆ ಕೇಳುತ್ತದೆ. ಯಾವುದಾದರೂ ಸರಿ, ಷಫಲ್ ಆಫ್ ಮಾಡಿ, ಜಾಹೀರಾತಿಲ್ಲದ ಕಡೆ ಕೇಳಿ. ಅಡಾಜಿಯೊ ಮುಗಿಯುವುದು ಅರ್ಧಕ್ಕೆ ನಿಲ್ಲಿಸಿದ ಮಾತಿನಂತೆ, ಅದಕ್ಕೆ ಉತ್ತರ ಕೊನೆಯ ಭಾಗದ ಮೊದಲ ಸ್ವರಗಳಲ್ಲಿದೆ. ನಡುವೆ ಟೂತ್‌ಪೇಸ್ಟ್ ಬಂದರೆ ಕೆಲಸ ಕೆಟ್ಟಿತು. ಕೊನೆಯಲ್ಲಿ ಅಡಾಜಿಯೊದ ಧಾಟಿ ಒಮ್ಮೆ ಇಣುಕಿ, ಆರಂಭದ ಸ್ವರಗುಚ್ಛ ಮತ್ತೆ ಬಂದು, ಕೆಲವೇ ಕ್ಷಣಗಳ ಓಟದಲ್ಲಿ ಎಲ್ಲ ಮುಗಿಯುತ್ತದೆ. ಆ ಓಟಕ್ಕೆ ಮುಂಚಿನ ತಡೆಯನ್ನು ದು ಪ್ರೇ ಎಷ್ಟು ಎಳೆಯುತ್ತಾರೆ, ಹ್ಯಾರಿಸನ್ ಎಷ್ಟು ಬೇಗ ಬಿಡುತ್ತಾರೆ ಎಂದು ಗಡಿಯಾರ ಹಿಡಿದು ನೋಡಿ.