ಮನಬಿಚ್ಚಿ ಮಾತಾಡುವ ಗುಂಪು: ಫ್ರಾಂಕ್ಲಿನ್ ದಾರಿಯೋ, ಎಎ ದಾರಿಯೋ?

ಐದಾರು ಜನ ಸೇರಿ ನಮ್ಮನ್ನು ನಾವು ತಿದ್ದಿಕೊಳ್ಳೋಣ ಅಂತ ಹೊರಟಿದ್ದೀರಾ? ಹಾಗಾದರೆ ಮೊದಲು ಒಂದು ತೀರ್ಮಾನ ಆಗಬೇಕು. ಒಬ್ಬರು ಮಾತಾಡಿದ ಮೇಲೆ ಉಳಿದವರು ಉತ್ತರ ಕೊಡಬೇಕಾ, ಸುಮ್ನೆ ಕೇಳಬೇಕಾ?

ಅಮೆರಿಕದ ಮುತ್ಸದ್ದಿ, ಲೇಖಕ ಬೆಂಜಮಿನ್ ಫ್ರಾಂಕ್ಲಿನ್ 1727ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಜಂಟೊ ಕೂಟದಲ್ಲಿ ಉತ್ತರ ಕೊಡಲೇಬೇಕಿತ್ತು. ಶುಕ್ರವಾರ ಸಂಜೆ 12 ಜನ ಸೇರುತ್ತಿದ್ದರು. ಸರದಿ ಪ್ರಕಾರ ಚರ್ಚೆಗೆ ಪ್ರಶ್ನೆ ತರಬೇಕು, 3 ತಿಂಗಳಿಗೊಮ್ಮೆ ಪ್ರಬಂಧ ಓದಬೇಕು. ‘ನಾನು ಹೇಳಿದ್ದೇ ಸರಿ’ ಅನ್ನುವ ಧಾಟಿಗೆ ಸಣ್ಣ ದಂಡ ಬೇರೆ! ಈ ನಿಯಮ ನಮ್ಮ ಎಷ್ಟೋ ಗುಂಪುಗಳಿಗೆ ಬೇಕು, ಅಲ್ವಾ?

1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಕುಡಿತ ಬಿಡಲು ಹೆಣಗುತ್ತಿದ್ದ ಇಬ್ಬರಿಂದ ಶುರುವಾದ ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಬೇರೆ ಥರ. ಸದಸ್ಯರ ಶುಲ್ಕ ಇಲ್ಲ, ಗುರುತು ಗುಟ್ಟು. ಹೆಚ್ಚಿನ ಸಭೆಗಳಲ್ಲಿ ಒಬ್ಬರ ಮಾತಿನ ಮಧ್ಯೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ.

‘ಅಪ್ಪನ ಜೊತೆ ಮಾತು ಬಿಟ್ಟು ವರ್ಷ ಆಯ್ತು’ ಅಂತ ಒಬ್ಬರು ಹೇಳಿದರು ಅಂದುಕೊಳ್ಳಿ. ಜಂಟೊ ಥರದ ಗುಂಪಿನಲ್ಲಿ ಮುಂದಿನ ಮಾತು ‘ಯಾಕೆ?’ ಎಎ ಥರದ್ದರಲ್ಲಿ ‘ಥ್ಯಾಂಕ್ಸ್’ ಹೇಳಿ ಮುಂದಿನವರಿಗೆ ಅವಕಾಶ. ಗಾಯ ಹಸಿಯಾಗಿದ್ದರೆ ಎರಡನೆಯದೇ ವಾಸಿ. ಕೆಲಸ, ಓದು, ಹಣದ ಶಿಸ್ತು ಇಂಥದ್ದಕ್ಕೆ ಜಂಟೊ. ಸುಮ್ನೆ ತಲೆಯಾಡಿಸುವವರ ನಡುವೆ ಅವು ಮುಂದೆ ಸಾಗುವುದಿಲ್ಲ.

ಬರೀ ಗೆಳೆಯರೇ ಸೇರುವುದಾದರೆ ನನ್ನ ಮತ ಎಎ ಥರಕ್ಕೆ. ಸಲಹೆ ಕೊಡುವ ಚಟ ಗೆಳೆಯರಿಗೇ ಜಾಸ್ತಿ. ಆದರೆ ಯಾರಿಗಾದರೂ ಕುಡಿತದ ಸಮಸ್ಯೆಯೇ ಇದ್ದರೆ ಮನೆಯ ಗುಂಪು ಸಾಲದು. ನಿಜವಾದ ಎಎ ಸಭೆಗೇ ಕಳಿಸಿ, ವೈದ್ಯರನ್ನೂ ಕಾಣಲಿ.