ಹಳಿಯ ಬಿರುಕು ಹುಡುಕಲು ತರಂಗವೋ, ಬಣ್ಣವೋ?

ಸಕಲೇಶಪುರದಿಂದ ಘಾಟಿ ಇಳಿಯುವ ರೈಲುಮಾರ್ಗದ ಇಳಿಜಾರು 50ಕ್ಕೆ 1. ತಿರುವು, ಬ್ರೇಕು, ಮಳೆ ಮೂರೂ ಸೇರಿ ಹಳಿಯನ್ನು ದಣಿಸುತ್ತವೆ.

ಹಳಿಯೊಳಗಿನ ಬಿರುಕಿಗೆ ಶ್ರವಣಾತೀತ ತರಂಗವೇ (ಅಲ್ಟ್ರಾಸೌಂಡ್) ಸರಿ. ಅದನ್ನು ಹಳಿಯೊಳಗೆ ಬಿಟ್ಟು ಪ್ರತಿಧ್ವನಿ ಹಿಡಿಯುವ ಸಾಧನವೇ ಪ್ರೋಬ್. ತರಂಗವನ್ನು 70 ಡಿಗ್ರಿ ಓರೆಯಾಗಿ ಬಿಡುವ ಪ್ರೋಬ್ ಹಳಿಯ ತಲೆಭಾಗದ (ಚಕ್ರ ಉರುಳುವ ಮೇಲ್ಭಾಗ) ಅಡ್ಡ ಬಿರುಕನ್ನೂ ನೇರ ಕೆಳಕ್ಕೆ ಬಿಡುವ 0 ಡಿಗ್ರಿಯದು ಸಮತಲ ಸೀಳನ್ನೂ ಹಿಡಿಯುತ್ತದೆ. ಆದರೆ ಪ್ರೋಬ್ ಮತ್ತು ಹಳಿಯ ನಡುವೆ ನೀರಿನ ಪದರ ಬೇಕು. ಹಳಿಯ ಪಾದದ, ಅಂದರೆ ಅಗಲವಾದ ತಳಭಾಗದ, ಅಂಚುಗಳಿಗೆ ಮೇಲಿನಿಂದ ಬಿಟ್ಟ ತರಂಗ ತಲುಪುವುದೂ ಇಲ್ಲ.

ಒಣ ಹಳಿಗೆ ಹಚ್ಚಿದರೆ ಬಿರುಕಿನೊಳಗೆ ಇಳಿದು ಅದನ್ನು ಎತ್ತಿ ತೋರಿಸುವ ಬಣ್ಣದ ದ್ರವ ಅಗ್ಗ. ಮೇಲ್ಮೈಗೆ ಬಾಯಿ ತೆರೆದ ಬಿರುಕನ್ನಷ್ಟೇ ತೋರಿಸುತ್ತದೆ. ಜುಲೈನ ಮಲೆನಾಡಿನಲ್ಲಿ ಹಳಿ ಒಣಗಿಸುವುದೇ ಒಂದು ತಪಸ್ಸು! ಹಳಿಯನ್ನು ಕಾಂತೀಯಗೊಳಿಸಿ, ಬಿರುಕಿನ ಬಳಿ ಕಬ್ಬಿಣದ ಪುಡಿ ಗುಂಪುಗೂಡುವುದನ್ನು ನೋಡುವ ಕಾಂತಕಣ ಪರೀಕ್ಷೆ ಬಣ್ಣಕ್ಕಿಂತ ಚುರುಕು.

ಎರಕದ ಮ್ಯಾಂಗನೀಸ್ ಉಕ್ಕಿನ ಕ್ರಾಸಿಂಗ್ (ಒಂದು ಹಳಿ ಇನ್ನೊಂದನ್ನು ದಾಟುವ ತುಂಡು) ಬಂದರೆ ಲೆಕ್ಕ ತಿರುಗುತ್ತದೆ. ಅದು ಕಾಂತಕ್ಕೆ ಒಲಿಯದು; ಅದರ ಒರಟು ಕಣರಚನೆ ತರಂಗವನ್ನೂ ಚದುರಿಸುತ್ತದೆ. ಅಲ್ಲಿ ನನ್ನ ಆಯ್ಕೆ ಬಣ್ಣವೇ.