ಮೌಸೂ ಹಗುರ, ಜೇಬೂ ಹಗುರ

ಬೋನಸ್ ಬಂದ ವಾರ 12 ಸಾವಿರ ಕೊಟ್ಟು ಅಲ್ಟ್ರಾಲೈಟ್ ಗೇಮಿಂಗ್ ಮೌಸ್ ತಂದೆ. ಅಮ್ಮ ಚಕ್ಕುಲಿ ಹಿಟ್ಟು ತೂಗುವ ತಕ್ಕಡಿ ಮೇಲಿಟ್ಟೆ: 61 ಗ್ರಾಂ. ನನ್ನ ಹಳೆಯ ಲಾಜಿಟೆಕ್ ಜಿ102 ವೈರ್ ಬಿಟ್ಟು 85. "ಒಳಗೆ ಏನೂ ಇಲ್ವಲ್ಲೋ, ಇದಕ್ಯಾಕೆ ಇಷ್ಟು ದುಡ್ಡು?" ಅಂದರು ಅಮ್ಮ.

ವ್ಯತ್ಯಾಸ ಇದೆ, ಸುಳ್ಳು ಹೇಳಲ್ಲ. ಶೂಟಿಂಗ್ ಗೇಮ್ ವ್ಯಾಲೊರಂಟ್‌ನಲ್ಲಿ ನನ್ನದು ತೀರಾ ಕಡಿಮೆ ಸೆನ್ಸಿಟಿವಿಟಿ, ಅಂದರೆ ಮೌಸ್ ತುಂಬಾ ಸರಿಸಿದರೂ ಆಟದಲ್ಲಿ ತಿರುಗೋದು ಸ್ವಲ್ಪವೇ. ಹಿಂದೆ ತಿರುಗಬೇಕಾದರೆ ಮೌಸ್ ಎತ್ತಿ ಎತ್ತಿ ಇಡಬೇಕು. ಮೊದಲು ಎರಡು ಗಂಟೆ ಆಡಿದರೆ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತು, ಈಗಿಲ್ಲ. ಅದರಲ್ಲಿ ಅರ್ಧ ಸುಖ ವೈರ್ ಇಲ್ಲದ್ದರಿಂದ ಅನ್ನಿ. ರ‍್ಯಾಂಕ್ ಮಾತ್ರ ಅದೇ ಸಿಲ್ವರ್. ಮೊದಲ ವಾರವಂತೂ ಕೈ ಗುರಿ ದಾಟಿ ಎಲ್ಲೋ ಹೋಗುತ್ತಿತ್ತು.

7ನೇ ತಿಂಗಳಿಗೆ ಎಡ ಬಟನ್ ಕೈಕೊಟ್ಟಿತು. ಒಂದು ಸಲ ಒತ್ತಿದರೆ ಎರಡು ಕ್ಲಿಕ್! ಫೋಲ್ಡರ್ ಎಳೆಯಲು ಹೋದರೆ ತೆರೆದುಕೊಳ್ಳುತ್ತಿತ್ತು. ಸ್ವಿಚ್ ಒಳಗಿನ ತೆಳು ತಗಡು ಸವೆದರೆ ಹೀಗಾಗುತ್ತದೆ, ಅದು ಬೆಲೆ ನೋಡಲ್ಲ. ತಗಡಿನ ಬದಲು ಬೆಳಕಿನಿಂದ ಕ್ಲಿಕ್ ಗುರುತಿಸುವ ಆಪ್ಟಿಕಲ್ ಸ್ವಿಚ್ ಇರುವುದನ್ನೇ ಕೇಳಿ ತಗೊಳ್ಳಿ, ಈ ಕಾಟ ಇರಲ್ಲ. ವಾರಂಟಿಯಲ್ಲಿ ಬದಲಿಸಿಕೊಟ್ಟರು, ಆದರೆ 3 ವಾರ ಕಾಯಿಸಿದರು. ಅಷ್ಟೂ ದಿನ ಸುಮ್ನೆ ಜಿ102ರಲ್ಲೇ ಆಡಿದೆ. ಸೋತಿದ್ದೇನೂ ಜಾಸ್ತಿ ಆಗಲಿಲ್ಲ.